ವಿದ್ಯುತ್ತು ಹರಿಸುವ ಪ್ಲಾಸ್ಟಿಕ್ಕು

ಒಣಗಿದ ಕಾಫಿಯ ಹೊಟ್ಟು ಪ್ಲಾಸ್ಟಿಕ್ ಬುಟ್ಟಿಗೆ ಅಂಟಿ, ಕೊಡವಿದರೂ ಬೀಳದಿರುವುದನ್ನು ಸದಸ್ಯ ಬಾಂಧವರು ಕಂಡೇ ಇದ್ದೀರಿ. ಉಜ್ಜಿದಾಗ ಹುಟ್ಟಿದ ವಿದ್ಯುತ್ತಿಗೆ ಹರಿದುಹೋಗಲು ಅದರಲ್ಲಿ ದಾರಿಯಿಲ್ಲ. ಅತನೂರು ಕಡೆಯ ಒಣಹವೆಯಲ್ಲಿ ಈ ಕಾಟ ಮಲೆನಾಡಿಗಿಂತ ಹೆಚ್ಚು. ಹೊಟ್ಟಿನ ಮಾತಾದರೆ ನಗಬಹುದು; ಕಳೆಯಂತ್ರಕ್ಕೆ ನಾವು ತರುವ ಪೆಟ್ರೋಲ್ ಕ್ಯಾನಿನ ಬಳಿ ಅದೇ ಕಿಡಿ ಪ್ರಾಣಕ್ಕೆ ಸಂಚಕಾರ.

ದಾರಿ ಮಾಡಿಕೊಡುವ ಹಳೆಯ ಉಪಾಯ ಮಸಿಪುಡಿ ಬೆರೆಸುವುದು. ನಮ್ಮ ಕಪ್ಪು ನೀರಿನ ಪೈಪಿನಲ್ಲೂ ಮಸಿ ಇದೆ, ಆದರೆ ನೂರಕ್ಕೆ ಎರಡು-ಮೂರು ಪಾಲು ಮಾತ್ರ. ಅದು ಬಿಸಿಲಿನಿಂದ ಕಾಪಾಡಲು. ಕಣಕ್ಕೆ ಕಣ ತಾಗುವಷ್ಟು ಬೆರೆತಾಗಲೇ ವಿದ್ಯುತ್ತು ದಾಟುವುದು. ಕಪ್ಪಾದುದೆಲ್ಲ ವಾಹಕವೆಂದು ನಂಬಬೇಡಿ.

ಪ್ಲಾಸ್ಟಿಕ್ಕೇ ವಾಹಕವಾಗುವುದೂ ಉಂಟು. 1977ರಲ್ಲಿ ಶಿರಕಾವ, ಮ್ಯಾಕ್‌ಡಿಯರ್ಮಿಡ್, ಹೀಗರ್ ಇವರು ಪಾಲಿಅಸಿಟಿಲೀನಿಗೆ ಅಯೋಡಿನ್ ಸೋಕಿಸಿ ಇದನ್ನು ತೋರಿಸಿದರು. 2000ದಲ್ಲಿ ನೊಬೆಲ್ ಬಂತು. ಅತನೂರಿನ ಜಿಲ್ಲೆಯಲ್ಲೇ ಇರುವ ಗುಲಬರ್ಗಾ ವಿಶ್ವವಿದ್ಯಾಲಯದ ವಸ್ತು ವಿಜ್ಞಾನ ವಿಭಾಗದಲ್ಲಿ ಪಾಲಿಅನಿಲೀನಿನ ಮೇಲೆ ಸಂಶೋಧನೆ ನಡೆದಿದೆ. ಆಮ್ಲ ಸೇರಿದರೆ ಹಸಿರಾಗಿ ವಿದ್ಯುತ್ತು ಹರಿಸುವ ಈ ವಸ್ತು, ಕ್ಷಾರ ಸೋಕಿದರೆ ನೀಲಿಯಾಗಿ ಕೈಬಿಡುತ್ತದೆ. ಗಾಳಿಯ ತೇವಕ್ಕೂ ಅದರ ವಾಹಕತೆ ಬದಲಾಗುವುದರಿಂದ ತೇವ ಅಳೆಯಲು ಒದಗುತ್ತದೆ. ಅಡಿಕೆ ಕಚ್ಚಿ ನೋಡುವ ನಮ್ಮ ಪದ್ಧತಿ ಸದ್ಯಕ್ಕಿರಲಿ.

ಪೆಟ್ರೋಲ್ ತುಂಬಿಸುವಾಗ ಮಾತ್ರ ಕ್ಯಾನನ್ನು ಜೀಪಿನಲ್ಲೇ ಬಿಡದೆ ನೆಲಕ್ಕಿಳಿಸಿ, ನಳಿಗೆಯನ್ನು ಅದರ ಬಾಯಿಗೆ ತಾಗಿಸಿ ಹಿಡಿಯಿರಿ.