ಮಾತ್ರೆ ಉಚಿತ, ಪರೀಕ್ಷೆಗೆ ನಿಮ್ಮ ನೆರವು ಬೇಕು



ಎಚ್‌ಐವಿ ಸೋಂಕಿಗೆ ಸರಕಾರಿ ಕೇಂದ್ರಗಳಲ್ಲಿ 2004ರ ಏಪ್ರಿಲ್‌ನಿಂದ ಉಚಿತವಾಗಿ ಮದ್ದು ಸಿಗುತ್ತಿದೆ. ಮುಂಬಯಿಯ ಜೆ.ಜೆ., ಕೆಇಎಂ, ನಾಯರ್, ಸಯನ್ ಆಸ್ಪತ್ರೆಗಳಲ್ಲಿ ಎಆರ್‌ಟಿ ಕೇಂದ್ರಗಳಿವೆ. ಮಾತ್ರೆ ತಪ್ಪಿಸದವರು ಎಲ್ಲರಂತೆ ದುಡಿದು, ಮಕ್ಕಳನ್ನು ಓದಿಸಿ, ಅರುವತ್ತು ದಾಟುತ್ತಿದ್ದಾರೆ. ಆದರೆ ಅವರಲ್ಲಿ ಹಲವರು ಬಾಯಿಬಿಟ್ಟು ಹೇಳದ ತೊಂದರೆಯೊಂದಿದೆ: ಮೂತ್ರದ್ದು.

ಉರಿ, ಪದೇ ಪದೇ ಹೋಗಬೇಕೆನಿಸುವುದು, ರಕ್ತ, ನೊರೆ ಇವು ಲಕ್ಷಣಗಳು. ಕಾರಣ ಒಂದೇ ಅಲ್ಲ. ಸಿಡಿ4 ಎಣಿಕೆ 200ಕ್ಕಿಂತ ಕೆಳಗಿಳಿದಾಗ ಮೂತ್ರದ ಸೋಂಕು ಬೇಗ ತಗಲುತ್ತದೆ. ಕ್ಷಯವು ಮೂತ್ರಪಿಂಡಕ್ಕೂ ಹರಡಬಹುದು. ಆಗ ಮೂತ್ರದಲ್ಲಿ ಕೀವು ಕಂಡರೂ ಸಾಮಾನ್ಯ ಕಲ್ಚರ್ ಪರೀಕ್ಷೆಯಲ್ಲಿ ಕಾರಣ ಸಿಗುವುದಿಲ್ಲ. ಸಕ್ಕರೆ ಕಾಯಿಲೆ, ಕಲ್ಲು, ಪ್ರಾಸ್ಟೇಟ್ ಊತವೂ ಇರಬಹುದು. ಹೆಚ್ಚಿನವರಿಗೆ ಕೊಡುವ ಮಾತ್ರೆಯಲ್ಲಿರುವ ಟೆನೊಫೊವಿರ್ ಕೆಲವರ ಮೂತ್ರಪಿಂಡಕ್ಕೆ ತೊಂದರೆ ಮಾಡುವುದುಂಟು. ರಕ್ತದ ಕ್ರಿಯೇಟಿನಿನ್ ನೋಡುತ್ತಿದ್ದರೆ ಅದು ಮೊದಲೇ ತಿಳಿಯುತ್ತದೆ, ವೈದ್ಯರು ಮದ್ದು ಬದಲಿಸುತ್ತಾರೆ. ತಾವಾಗಿ ಮಾತ್ರೆ ನಿಲ್ಲಿಸಬಾರದು.

ಅಪಾಯವಿರುವುದು ಮುಚ್ಚಿಡುವುದರಲ್ಲಿ. ಎಆರ್‌ಟಿ ವಿಷಯ ಹೇಳದೆ ಹತ್ತಿರದ ದವಾಖಾನೆಗೆ ಹೋದರೆ ಡೈಕ್ಲೋಫೆನಾಕ್‌ನಂತಹ ನೋವಿನ ಮಾತ್ರೆ ಬರೆದುಕೊಡಬಹುದು. ಟೆನೊಫೊವಿರ್ ಜೊತೆ ಅದೂ ಸೇರಿದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುವ ಭಯವಿದೆ. ಹಾಗಾಗಿ ಯಾವ ವೈದ್ಯರ ಬಳಿ ಹೋದರೂ ಎಆರ್‌ಟಿ ಪುಸ್ತಕ ತೋರಿಸಿ. 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಕಾನೂನಿನ ಪ್ರಕಾರ ಎಚ್‌ಐವಿ ಇದೆಯೆಂದು ಚಿಕಿತ್ಸೆಯಲ್ಲಿ ತಾರತಮ್ಯ ಮಾಡುವಂತಿಲ್ಲ. ಚಾಳಿನ ಸಾರ್ವಜನಿಕ ಶೌಚಾಲಯಕ್ಕೆ ನಾಲ್ಕು ಬಾರಿ ಹೋದರೆ ಕಣ್ಣಿಗೆ ಬೀಳುತ್ತೇವೆಂದು ನೀರನ್ನೇ ಕಡಿಮೆ ಕುಡಿಯುವವರಿದ್ದಾರೆ. ಅದರಿಂದ ಸೋಂಕೂ ಕಲ್ಲೂ ಹೆಚ್ಚುತ್ತವೆ. ನೆರೆಯವರೂ ತಿಳಿಯಬೇಕು: ಶೌಚಾಲಯ ಹಂಚಿಕೊಂಡರೆ ಎಚ್‌ಐವಿ ಹರಡುವುದಿಲ್ಲ.

ಇನ್ನು ಲೆಕ್ಕದ ಮಾತು. ಮಾತ್ರೆ ಉಚಿತವಾದರೂ ಹೊರಗೆ ಮಾಡಿಸುವ ಸೋನೋಗ್ರಫಿ, ಕಲ್ಚರ್ ಪರೀಕ್ಷೆಗಳಿಗೆ ಹಣ ಬೇಕು. ಬೊರಿವಲಿಯಿಂದ ಪರೇಲಿಗೆ ಹೋಗಿ ಸರದಿಯಲ್ಲಿ ನಿಂತು ಬರುವಷ್ಟರಲ್ಲಿ ಹೋಟೆಲ್ ಕಾರ್ಮಿಕನ ಒಂದು ದಿನದ ಸಂಬಳ ಹೋಗುತ್ತದೆ. ಅದಕ್ಕೇ ಪರೀಕ್ಷೆಯನ್ನು ಮುಂದೂಡುತ್ತಾರೆ. ಇಂದು ಕಟ್ಟದ ಈ ಸಣ್ಣ ಬಿಲ್ಲು ಮುಂದೆ ಡಯಾಲಿಸಿಸ್‌ನ ದೊಡ್ಡ ಬಿಲ್ಲಾಗಬಹುದು.

ಸಂಘದ ವೈದ್ಯಕೀಯ ನಿಧಿಗೆ ನೀವು ಕೊಡುವ ಹಣ ಚೆಕ್ ಮೂಲಕ ನೇರವಾಗಿ ಲ್ಯಾಬಿಗೆ ಸಂದಾಯವಾಗುತ್ತದೆ. ಲೆಕ್ಕಪುಸ್ತಕದಲ್ಲಿ ರೋಗಿಯ ಹೆಸರಿರುವುದಿಲ್ಲ, ಕ್ರಮಸಂಖ್ಯೆ ಮಾತ್ರ. ನೆರವು ಬೇಕಾದವರು ಸಂಕೋಚವಿಲ್ಲದೆ ಬನ್ನಿ. ಮಾಹಿತಿಗೆ ಸರಕಾರದ ಉಚಿತ ಸಹಾಯವಾಣಿ 1097 ಇದೆ. ದಾನಿಗಳು ಎಂದಿನಂತೆ ಕೈಜೋಡಿಸಬೇಕಾಗಿ ವಿನಂತಿ.