ಮೀನು ಶೋಧಕ ಮತ್ತು ಜಿ.ಪಿ.ಎಸ್.: ನಿಮ್ಮ ಬೋಟಿಗೆ ತಕ್ಕುದನ್ನು ಆರಿಸುವುದು ಹೇಗೆ?

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಬೋಟುಗಳು ದಡಕ್ಕೆ ಬಂದು ಬಣ್ಣ, ದುರಸ್ತಿ ಕಾಣುವ ಕಾಲವಿದು. ಮೀನು ಶೋಧಕ, ಅಂದರೆ ಫಿಶ್ ಫೈಂಡರ್ ಕೊಳ್ಳುವುದಕ್ಕೂ ಇದೇ ತಕ್ಕ ಸಮಯ. ಏಕೆಂದರೆ ಅದರ ಮುಖ್ಯ ಭಾಗವನ್ನು ಬೋಟಿನ ತಳದಲ್ಲಿ ಕೂರಿಸಬೇಕಾಗುತ್ತದೆ. ಬೋಟು ನೀರಿನಲ್ಲಿರುವಾಗ ಆ ಕೆಲಸ ಸಾಧ್ಯವಿಲ್ಲ. ಗದ್ದೆ, ತೋಟಗಳೊಂದಿಗೆ ಬೋಟಿನಲ್ಲೂ ಪಾಲು ಇಟ್ಟಿರುವ ಓದುಗರು ಈ ಯಂತ್ರಗಳಿಗೆ ಹಣ ಹಾಕುವ ಮುನ್ನ ಅವು ಏನು ಮಾಡುತ್ತವೆ, ಏನು ಮಾಡುವುದಿಲ್ಲ ಎಂಬುದನ್ನು ತಿಳಿದಿರುವುದು ಒಳ್ಳೆಯದು.

ಯಂತ್ರ ಕೆಲಸ ಮಾಡುವ ಬಗೆ

ಬೋಟಿನ ತಳದಲ್ಲಿ ಕೂರಿಸುವ ಭಾಗಕ್ಕೆ ಟ್ರಾನ್ಸ್‌ಡ್ಯೂಸರ್ ಎನ್ನುತ್ತಾರೆ. ಅದು ನಮ್ಮ ಕಿವಿಗೆ ಕೇಳದ ಶಬ್ದವನ್ನು ಕೆಳಕ್ಕೆ ಕಳುಹಿಸಿ, ತಳದಿಂದಲೂ ಮೀನಿನಿಂದಲೂ ಮರಳುವ ಪ್ರತಿಧ್ವನಿಯನ್ನು ಹಿಡಿಯುತ್ತದೆ. ಸಮುದ್ರದ ನೀರಿನಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ ಸಾಗುತ್ತದೆ. ಹೋಗಿ ಬರಲು ಹಿಡಿದ ಸಮಯದಿಂದ ಆಳ ಎಷ್ಟೆಂದು ಯಂತ್ರ ಲೆಕ್ಕ ಹಾಕುತ್ತದೆ.

ಪರದೆಯ ಬಲತುದಿಯ ಗೆರೆ ಮಾತ್ರ ಈ ಕ್ಷಣದ್ದು. ಎಡಕ್ಕೆ ಸರಿದ ಚಿತ್ರವೆಲ್ಲ ಬೋಟು ಆಗಲೇ ದಾಟಿ ಬಂದ ಜಾಗದ್ದು. ಸಾಮಾನ್ಯ ಶೋಧಕವು ಬೋಟಿನ ಕೆಳಗಿರುವುದನ್ನು ತೋರಿಸುತ್ತದೆಯೇ ಹೊರತು ಮುಂದಿರುವ ಮೀನನ್ನಲ್ಲ.

ಮೀನಿನ ಹೊಟ್ಟೆಯೊಳಗಿನ ಗಾಳಿಚೀಲವು ಶಬ್ದವನ್ನು ಚೆನ್ನಾಗಿ ಹಿಂದಿರುಗಿಸುತ್ತದೆ. ಆದ್ದರಿಂದ ಬೂತಾಯಿಯ ಹಿಂಡು ಪರದೆಯಲ್ಲಿ ದಟ್ಟವಾಗಿ ಕಾಣುತ್ತದೆ. ಸಿಗಡಿಗೆ ಗಾಳಿಚೀಲವಿಲ್ಲ, ಅದು ತಳಕ್ಕೆ ಅಂಟಿಕೊಂಡೇ ಇರುವುದರಿಂದ ಅದರ ಗುರುತು ತಳದ ಗೆರೆಯಲ್ಲಿ ಸೇರಿಹೋಗುತ್ತದೆ. ಸಿಗಡಿಯನ್ನೇ ನಂಬಿದ ಟ್ರಾಲ್ ಬೋಟಿನವರಿಗೆ ಮೀನಿನ ಗುರುತಿಗಿಂತ ತಳದ ಗುರುತೇ ಹೆಚ್ಚು ಉಪಯುಕ್ತ. ಗಟ್ಟಿ ತಳವಿದ್ದರೆ ಪ್ರತಿಧ್ವನಿ ಬಲವಾಗಿದ್ದು, ಕೆಲವೊಮ್ಮೆ ಎರಡರಷ್ಟು ಆಳದಲ್ಲಿ ಇನ್ನೊಂದು ಗೆರೆ ಮೂಡುತ್ತದೆ. ಕೆಸರಿನ ತಳ ಮಂಕಾಗಿ ಕಾಣುತ್ತದೆ. ಬಂಡೆಗೆ ಸಿಕ್ಕಿ ಬಲೆ ಹರಿಯುವುದನ್ನು ತಪ್ಪಿಸಿದರೆ ಅಷ್ಟೇ ಲಾಭ.

ಕೆಲವು ಯಂತ್ರಗಳು ಪ್ರತಿಧ್ವನಿಯನ್ನು ಚಿಕ್ಕ ಮೀನಿನ ಚಿತ್ರವಾಗಿ ಬದಲಿಸಿ ತೋರಿಸುತ್ತವೆ. ಅಂಬಲಿ ಮೀನು, ಗಾಳಿಗುಳ್ಳೆ, ತೇಲುವ ಕಸ ಇವೆಲ್ಲವೂ ಆಗ ಮೀನಾಗಿಯೇ ಕಾಣಬಹುದು. ಈ ಸೌಲಭ್ಯವನ್ನು ಮುಚ್ಚಿಟ್ಟು ನಿಜವಾದ ಪ್ರತಿಧ್ವನಿಯನ್ನು ಓದಲು ಕಲಿಯಿರಿ.

ಆಳಕ್ಕೆ ತಕ್ಕ ಯಂತ್ರ

ನೀವು ಬಲೆ ಬಿಡುವ ಅತಿ ಹೆಚ್ಚಿನ ಆಳ ಎಷ್ಟು ಮಾರು ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಿ. ಒಂದು ಮಾರು ಸುಮಾರು 1.8 ಮೀಟರ್. ಆಮೇಲೆ ಅಂಗಡಿಗೆ ಹೋಗಿ.

ಬಹುತೇಕ ಯಂತ್ರಗಳಲ್ಲಿ 50 ಮತ್ತು 200 ಕಿಲೋಹರ್ಟ್ಸ್ ಎಂಬ ಎರಡು ಕಂಪನಾಂಕಗಳಿರುತ್ತವೆ. 50ರ ಶಬ್ದ ಆಳಕ್ಕೆ ಇಳಿಯುತ್ತದೆ, ಅಗಲವಾಗಿ ಹರಡುತ್ತದೆ, ವಿವರ ಕಡಿಮೆ. 200ರ ಶಬ್ದ ಕಿರಿದು. ಕಡಿಮೆ ಆಳದಲ್ಲಿ ಸ್ಪಷ್ಟ ವಿವರ ಕೊಡುತ್ತದೆ. ಉದಾಹರಣೆಗೆ, 30 ಮೀಟರ್ ಆಳದಲ್ಲಿ 12 ಡಿಗ್ರಿಯ ಶಂಕು ತಳದಲ್ಲಿ ಸುಮಾರು 6 ಮೀಟರ್ ಅಗಲದ ವೃತ್ತವನ್ನು ನೋಡಿದರೆ, 45 ಡಿಗ್ರಿಯ ಶಂಕು ಸುಮಾರು 25 ಮೀಟರ್ ಅಗಲವನ್ನು ನೋಡುತ್ತದೆ. ಎರಡೂ ಇರುವ ಯಂತ್ರವೇ ಲೇಸು.

ದಡದ ಸಮೀಪ ದುಡಿಯುವ ನಾಡದೋಣಿಗೆ 300 ವ್ಯಾಟ್ ಶಕ್ತಿ ಸಾಕು. ನೂರು ಮೀಟರ್ ಆಳ ದಾಟಿ ಹೋಗುವ ಬೋಟಿಗೆ 600ರಿಂದ 1,000 ವ್ಯಾಟ್ ಬೇಕು. ಇಲ್ಲಿ ಒಂದು ಎಚ್ಚರಿಕೆ: ಕೆಲವು ಪೆಟ್ಟಿಗೆಗಳ ಮೇಲೆ 4,000 ವ್ಯಾಟ್ ಎಂದು ದೊಡ್ಡದಾಗಿ ಬರೆದಿರುತ್ತದೆ. ಅದು 'ಪೀಕ್ ಟು ಪೀಕ್' ಲೆಕ್ಕವಾದರೆ 8ರಿಂದ ಭಾಗಿಸಿ, ನಿಜವಾದ ಆರ್.ಎಂ.ಎಸ್. ಶಕ್ತಿ 500 ವ್ಯಾಟ್ ಮಾತ್ರ. ಎರಡು ಯಂತ್ರಗಳನ್ನು ಹೋಲಿಸುವಾಗ ಆರ್.ಎಂ.ಎಸ್. ಅಂಕಿಯನ್ನೇ ಕೇಳಿ.

ಟ್ರಾನ್ಸ್‌ಡ್ಯೂಸರ್ ಕೂರಿಸುವಲ್ಲಿ ಗಮನಿಸಿ

ಪರದೆ ಎಷ್ಟೇ ದೊಡ್ಡದಿರಲಿ, ಟ್ರಾನ್ಸ್‌ಡ್ಯೂಸರ್ ಸರಿಯಾಗಿ ಕೂರದಿದ್ದರೆ ಹಣ ನೀರಿಗೆ ಹಾಕಿದಂತೆ.

1. ಮರದ ಬೋಟಿಗೆ ಕಂಚಿನದು ಸೂಕ್ತ. ಮರ ನೀರು ಕುಡಿದು ಉಬ್ಬಿದಾಗ ಪ್ಲಾಸ್ಟಿಕ್ಕಿನದು ಬಿರಿಯಬಹುದು.

2. ಉಕ್ಕಿನ ಬೋಟಿಗೆ ಕಂಚು ಬೇಡ. ಉಪ್ಪುನೀರಿನಲ್ಲಿ ಈ ಎರಡು ಲೋಹಗಳು ಸೇರಿದರೆ ಉಕ್ಕು ಬೇಗ ಸವೆಯುತ್ತದೆ. ಸ್ಟೇನ್‌ಲೆಸ್ ಸ್ಟೀಲಿನದನ್ನು ತಳಕ್ಕೆ ನೇರವಾಗಿ ತಾಗದಂತೆ ಕೂರಿಸಬೇಕು.

3. ಫೈಬರ್ ದೋಣಿಗೆ ಪ್ಲಾಸ್ಟಿಕ್ಕಿನದು ಆದೀತು. ಒಳಗೆ ಟೊಳ್ಳು ಪದರವಿಲ್ಲದ ಗಟ್ಟಿ ಫೈಬರ್ ತಳವಿದ್ದರೆ ತೂತು ಕೊರೆಯದೆ ಒಳಗಡೆಯೇ ಕೂರಿಸುವ ಬಗೆಯೂ ಇದೆ. ಮರ ಮತ್ತು ಉಕ್ಕಿಗೆ ಇದು ಸಲ್ಲದು.

4. ಗಾಳಿಗುಳ್ಳೆಗಳು ಹಾಯದ, ಪ್ರೊಪೆಲ್ಲರಿನಿಂದ ದೂರವಿರುವ ಜಾಗವನ್ನು ಆರಿಸಿ.

ಬೋಟಿನ ಬ್ಯಾಟರಿ 12 ವೋಲ್ಟಿನದೋ 24ರದೋ ನೋಡಿ, ಅದಕ್ಕೆ ಹೊಂದುವ ಯಂತ್ರವನ್ನೇ ಕೊಳ್ಳಿ. ವೈರಿಗೆ ಫ್ಯೂಸ್ ಇರಲಿ.

ಜಿ.ಪಿ.ಎಸ್. ಮತ್ತು ಅಂಕಿಗಳ ತೊಡಕು

2000ನೇ ಇಸವಿಯ ಮೇ ತಿಂಗಳಿಗೆ ಮೊದಲು ಅಮೆರಿಕವು ಜಿ.ಪಿ.ಎಸ್. ಸಂಕೇತದಲ್ಲಿ ಬೇಕೆಂದೇ ದೋಷ ಬೆರೆಸುತ್ತಿದ್ದುದರಿಂದ ನೂರು ಮೀಟರಿನಷ್ಟು ವ್ಯತ್ಯಾಸ ಬರುತ್ತಿತ್ತು. ಈಗ ಸಾಧಾರಣ ಯಂತ್ರವೂ ಕೆಲವೇ ಮೀಟರ್ ನಿಖರತೆಯಲ್ಲಿ ನೆಲೆ ಹೇಳುತ್ತದೆ. ಆದರೆ ಅಂಕಿ ಒತ್ತುವವರ ತಪ್ಪನ್ನು ಯಾವ ಯಂತ್ರವೂ ತಿದ್ದದು.

ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯು ಉಪಗ್ರಹದ ನೆರವಿನಿಂದ ಮೀನು ಸಿಗಬಹುದಾದ ತಾಣಗಳ ಸೂಚನೆ ಕೊಡುತ್ತದೆ. ಮಲ್ಪೆಯ ಹೊರಗಿನ ತಾಣವೊಂದರ ಅಕ್ಷಾಂಶ 13 ಡಿಗ್ರಿ 20 ಮಿನಿಟು 30 ಸೆಕೆಂಡು ಎಂದಿಟ್ಟುಕೊಳ್ಳಿ. ಯಂತ್ರವು ದಶಮಾಂಶ ಡಿಗ್ರಿ ಕೇಳುತ್ತಿದ್ದರೆ ಒತ್ತಬೇಕಾದುದು 13.3417. ಅದನ್ನು ಮರೆತು 13.2030 ಎಂದು ಒತ್ತಿದರೆ 8 ನಾಟಿಕಲ್ ಮೈಲಿಗೂ ಹೆಚ್ಚು, ಅಂದರೆ ಸುಮಾರು 15 ಕಿಲೋಮೀಟರ್ ದಕ್ಷಿಣಕ್ಕೆ ಹೋಗುತ್ತೀರಿ. ಅಷ್ಟು ಡೀಸೆಲ್ ವ್ಯರ್ಥ. ರಾತ್ರಿ ಅಳಿವೆ ಹಿಡಿಯುವಾಗ ಇದೇ ತಪ್ಪಾದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಕೊಂಡ ದಿನವೇ ಯಂತ್ರವನ್ನು ನಿಮಗೆ ರೂಢಿಯಿರುವ ಕ್ರಮಕ್ಕೆ ಹೊಂದಿಸಿ. ಬಂದರಿನ ಬಾಯಿ, ಬಂಡೆಗಳ ಜಾಗ, ಒಳ್ಳೆಯ ಮೀನು ಸಿಕ್ಕ ಜಾಗ ಇವನ್ನು ಯಂತ್ರದಲ್ಲಿ ಉಳಿಸಿ, ಒಂದು ನೋಟುಪುಸ್ತಕದಲ್ಲೂ ಬರೆದಿಡಿ. ನೀರಿಗೆ ಬಿದ್ದವರ ಜಾಗವನ್ನು ಆ ಕ್ಷಣವೇ ಗುರುತಿಸುವ ಎಂ.ಓ.ಬಿ. ಗುಂಡಿ ಎಲ್ಲಿದೆಯೆಂದು ತಾಂಡೇಲರಿಗಷ್ಟೇ ಅಲ್ಲ, ಬೋಟಿನ ಎಲ್ಲರಿಗೂ ತಿಳಿದಿರಬೇಕು.

ಜಿ.ಪಿ.ಎಸ್. ಇದ್ದ ಮಾತ್ರಕ್ಕೆ ಕ್ಷೇಮವಲ್ಲ

2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮೀನುಗಾರರೊಂದಿಗೆ ಕಣ್ಮರೆಯಾಯಿತು. ಮಹಾರಾಷ್ಟ್ರದ ಮಾಲ್ವಣದ ಆಚೆ ಸಮುದ್ರತಳದಲ್ಲಿ ಅದರ ಅವಶೇಷ ನೌಕಾಪಡೆಗೆ ಸಿಕ್ಕಿದ ಸುದ್ದಿ ಬಂದುದು 2019ರ ಮೇ ತಿಂಗಳಲ್ಲಿ. ಆ ತಿಂಗಳುಗಳು ಮನೆಯವರಿಗೆ ಹೇಗೆ ಕಳೆದವೆಂಬುದನ್ನು ಕರಾವಳಿ ಮರೆತಿಲ್ಲ.

ಜಿ.ಪಿ.ಎಸ್. ಸಂಕೇತವನ್ನು ಪಡೆಯುತ್ತದೆ, ಕಳುಹಿಸುವುದಿಲ್ಲ. ನೀವು ಎಲ್ಲಿದ್ದೀರೆಂದು ಅದು ನಿಮಗೆ ಹೇಳುತ್ತದೆ, ದಡದಲ್ಲಿರುವವರಿಗೆ ಹೇಳುವುದಿಲ್ಲ. ಅದಕ್ಕೆ ಬೇರೆಯೇ ಸಾಧನ ಬೇಕು: ಕರೆ ಮಾಡಲು ವಿ.ಎಚ್.ಎಫ್. ರೇಡಿಯೋ, ಅದರಲ್ಲಿ ಆಪತ್ತಿಗೆ 16ನೇ ಚಾನೆಲ್. ದೂರ ಹೋಗುವ ಬೋಟಿಗೆ ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಟ್ರಾನ್ಸ್‌ಪಾಂಡರ್. ಒಂದು ಲಕ್ಷ ಮೀನುಗಾರಿಕಾ ಬೋಟುಗಳಿಗೆ ಇಸ್ರೋ ರೂಪಿಸಿದ ಟ್ರಾನ್ಸ್‌ಪಾಂಡರನ್ನು ಉಚಿತವಾಗಿ ಅಳವಡಿಸುವ ಕೇಂದ್ರ ಯೋಜನೆಗೆ 2024ರ ಆಗಸ್ಟ್ 30ರಂದು ಚಾಲನೆ ದೊರೆಯಿತು. ನಿಮ್ಮ ಬಂದರಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಫೋನ್ ಸಿಗುವಷ್ಟು ದೂರದಲ್ಲಿದ್ದರೆ ಕರಾವಳಿ ಕಾವಲು ಪಡೆಯ ಸಂಖ್ಯೆ 1554.

ಕೊಳ್ಳುವ ಮುನ್ನ

ಬೆಂಗಳೂರಿನ ಜೆ.ಪಿ. ನಗರದಲ್ಲಿ ಕೆಲಸದಲ್ಲಿರುವ ಮಗನೋ ಅಳಿಯನೋ ಅಲ್ಲಿಂದಲೇ ಅಗ್ಗಕ್ಕೆ ತರಿಸಿಕೊಡುತ್ತೇನೆ ಎಂದಾರು. ಬೆಲೆ ಕಡಿಮೆಯಿರಬಹುದು. ಆದರೆ ಅಕ್ಟೋಬರಿನಲ್ಲಿ, ಮೀನಿನ ಕಾಲದ ನಡುವೆ ಯಂತ್ರ ಕೆಟ್ಟರೆ ಅದನ್ನು ಬಿಚ್ಚಿ ನೋಡುವವರು ಮಲ್ಪೆಯಲ್ಲೋ ಮಂಗಳೂರಿನಲ್ಲೋ ಇರಬೇಕು. ವಿದೇಶದಲ್ಲಿ ಕೆರೆಗಳ ಹವ್ಯಾಸಿ ಮೀನುಗಾರರಿಗೆಂದು ತಯಾರಾದ ಚಿಕ್ಕ ಯಂತ್ರಗಳೂ ಇದೇ ದಾರಿಯಲ್ಲಿ ಬರುತ್ತವೆ. ಅವು ಸಮುದ್ರದ ಆಳಕ್ಕೆ ಸಾಲವು. ಗ್ಯಾರಂಟಿ ಕಾಗದ, ಬಿಡಿಭಾಗ, ದುರಸ್ತಿಗಾರ ಈ ಮೂರನ್ನೂ ಕೇಳಿ ತಿಳಿದು ಹಣ ಕೊಡಿ.

ಹೆಚ್ಚಿನ ಸಲಹೆಗೆ ಮಂಗಳೂರಿನ ಮೀನುಗಾರಿಕಾ ಕಾಲೇಜನ್ನು ಸಂಪರ್ಕಿಸಬಹುದು. 1969ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಅಂಗವಾಗಿ ಆರಂಭವಾದ ಈ ಕಾಲೇಜು ಈಗ ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ.

ಹಣ ಮಿತವಾಗಿದ್ದರೆ ಪರದೆಯ ಅಳತೆಯಲ್ಲಿ ಉಳಿಸಿ. ಟ್ರಾನ್ಸ್‌ಡ್ಯೂಸರಿನಲ್ಲೂ ರೇಡಿಯೋದಲ್ಲೂ ಉಳಿಸಬೇಡಿ. ಮೀನು ಇಂದು ಸಿಗದಿದ್ದರೆ ನಾಳೆ ಸಿಕ್ಕೀತು. ಹೋದವರೆಲ್ಲ ಮನೆಗೆ ಮರಳುವುದು ಮುಖ್ಯ.