ಮಳೆಗಾಲದ ರಿಪೇರಿ: ಮದ್ದಳೆಗಾರರ ಮನೆಯ ಲೆಕ್ಕ

ಕಾಸರಗೋಡು: ಮೇ ಕೊನೆಯ ವಾರದ ಪತ್ತನಾಜೆಗೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುತ್ತದೆ. ಕರೆ ಬಂದಲ್ಲಿ ಮದ್ದಳೆ ಬಾರಿಸಿ ಸಂಸಾರ ನಡೆಸುವವರಿಗೆ ದೀಪಾವಳಿ ಕಳೆಯುವವರೆಗೆ ಉಳಿಯುವುದು ತಾಳಮದ್ದಳೆ, ಬಿಡಿ ಆಟಗಳಷ್ಟೆ. ಹಂಚು ಒಡೆದು ಸೋರುವುದು, ಪಕ್ಕಾಸು ಮುರಿಯುವುದೂ ಇದೇ ತಿಂಗಳುಗಳಲ್ಲಿ. ಥಂಡಿಗೆ ಮದ್ದಳೆಯ ಚರ್ಮದ ಮುಚ್ಚಿಗೆಯೂ ಶ್ರುತಿ ಬಿಡುತ್ತದೆ. ಸಂಬಳ ಚೀಟಿ ಇಲ್ಲದವರಿಗೆ ಬ್ಯಾಂಕ್ ಸಾಲ ಕಷ್ಟ. ಮನೆಯಾಕೆಯ ಬಳೆ ಅಡವಿಗೆ ಹೋಗುತ್ತದೆ.

ಎರಡೂ ಖರ್ಚು ಒಟ್ಟಿಗೆ ಬಂದರೆ ಮದ್ದಳೆಯೇ ಮೊದಲು. ಬಾರಿಸದಿದ್ದರೆ ಹಂಚಿಗೂ ದುಡ್ಡು ಹುಟ್ಟದು.

ಗಾಳಿಮಳೆಗೆ ಮನೆ ಹಾನಿಯಾದರೆ ರಿಪೇರಿಗೆ ಮೊದಲೇ ಫೋಟೋ ತೆಗೆದು ವಿಲೇಜ್ ಆಫೀಸಿಗೆ ಅರ್ಜಿ ಕೊಡಿ. ಹಳತಾಗಿ ಸವೆದದ್ದಕ್ಕೆ ಆ ಪರಿಹಾರವಿಲ್ಲ. ಅದಕ್ಕೆ ದಾರಿ, ಆಟದ ದಿನಗಳ ಸಂಭಾವನೆಯಲ್ಲಿ ಸ್ವಲ್ಪ ತೆಗೆದಿಟ್ಟು ಪತ್ತನಾಜೆಗೆ ಮೊದಲೇ ಹಂಚು ಮಗುಚಿಸುವುದು.